ಚರ್ಮಕ್ಕೆ ತಕ್ಕ ಎಣ್ಣೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಚಳಿ ಬೀಳಲು ಆರಂಭವಾದೊಡನೆ ಚಿತ್ರದುರ್ಗ ಮತ್ತು ದಾವಣಗೆರೆ ಜಿಲ್ಲೆಗಳಿಂದ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಮಾತನ್ನು ಕೇಳುತ್ತವೆ: ಮೈ ಒಡೆಯುತ್ತಿದೆ, ಯಾವ ಎಣ್ಣೆ ಹಚ್ಚಬೇಕು? ಈ ಸಂಚಿಕೆಯಲ್ಲಿ ಅಂತಹ ಪತ್ರಗಳನ್ನೇ ಆಯ್ದುಕೊಂಡಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಬಿಟ್ಟು ಊರನ್ನಷ್ಟೇ ನಮೂದಿಸಲಾಗಿದೆ.

ಪ್ರಶ್ನೆ: ಡಾಕ್ಟರೇ, ನಮ್ಮದು ಎಣ್ಣೆ ಗಿರಣಿಗಳ ಊರು, ಮನೆಯಲ್ಲಿ ಶೇಂಗಾ ಎಣ್ಣೆಗೆ ಕೊರತೆಯಿಲ್ಲ. ನಮ್ಮ ಅತ್ತೆಯವರ ಕಾಲುಗಳು ಒಣಗಿ ಹೊಟ್ಟು ಉದುರುತ್ತವೆ. ನನ್ನ ಮುಖ ಮಧ್ಯಾಹ್ನದ ಹೊತ್ತಿಗೆ ಜಿಡ್ಡಾಗುತ್ತದೆ, ಆದರೆ ಕೈಕಾಲು ಬಿಳಿಚಿಕೊಂಡಿರುತ್ತವೆ. ಆರು ವರ್ಷದ ಮಗನಿಗೆ ಮೊಣಕೈ ಮಡಿಕೆಯಲ್ಲಿ ಇಸುಬು ಇದೆ. ಎಲ್ಲರಿಗೂ ಒಂದೇ ಎಣ್ಣೆ ಹಚ್ಚಬಹುದೇ?
— ಗೃಹಿಣಿ, ಚಳ್ಳಕೆರೆ

ಉತ್ತರ: ಮೂವರಿಗೂ ಒಂದೇ ಎಣ್ಣೆ ಸರಿಹೋಗುವುದಿಲ್ಲ, ಹಾಗೆಂದು ಅಟ್ಟದ ತುಂಬ ಬಾಟಲಿಗಳನ್ನು ಜೋಡಿಸಿಡುವ ಅಗತ್ಯವೂ ಇಲ್ಲ. ಎಣ್ಣೆ ಚರ್ಮದ ಮೇಲೆ ಏನು ಮಾಡುತ್ತದೆ ಎಂಬುದು ಮನದಟ್ಟಾದರೆ ಆಯ್ಕೆ ಸುಲಭವಾಗುತ್ತದೆ.

ಎಣ್ಣೆಯಲ್ಲಿ ನೀರಿನ ಅಂಶವಿಲ್ಲ. ಆದ್ದರಿಂದ ಅದು ಚರ್ಮಕ್ಕೆ ತೇವವನ್ನು ಕೊಡಲಾರದು. ಚರ್ಮದಲ್ಲಿ ಆಗಲೇ ಇರುವ ತೇವ ಆರಿಹೋಗದಂತೆ ತಡೆಯುವುದು ಮತ್ತು ಒರಟಾದ ಮೇಲ್ಮೈಯನ್ನು ನಯಗೊಳಿಸುವುದು ಅದರ ಕೆಲಸ. ಚರ್ಮದ ಹೊರಪದರ ಇಟ್ಟಿಗೆ ಗಾರೆಯ ಗೋಡೆಯ ಹಾಗಿದೆ: ಸತ್ತ ಜೀವಕೋಶಗಳು ಇಟ್ಟಿಗೆಗಳಾದರೆ, ಅವುಗಳ ನಡುವೆ ತುಂಬಿಕೊಂಡಿರುವ ಸೆರಮೈಡ್, ಕೊಲೆಸ್ಟೆರಾಲ್ ಮತ್ತು ಕೊಬ್ಬಿನಾಮ್ಲಗಳ ಮಿಶ್ರಣವೇ ಗಾರೆ. ಈ ಪದರದಲ್ಲಿ ನೀರಿನ ಪ್ರಮಾಣ ಶೇ 10ಕ್ಕಿಂತ ಕಡಿಮೆಯಾದಾಗ ಚರ್ಮ ಬಿರುಸಾಗಿ ಸೀಳತೊಡಗುತ್ತದೆ. ಚಿತ್ರದುರ್ಗದ ಬಳಿಯ ಜೋಗಿಮಟ್ಟಿ ಬೆಟ್ಟಸಾಲಿನಲ್ಲಿ ಗಾಳಿಯಂತ್ರಗಳನ್ನು ತಿರುಗಿಸುವ ಒಣಗಾಳಿಯೇ ನಿಮ್ಮ ಅತ್ತೆಯವರ ಕಾಲಿನ ತೇವವನ್ನೂ ಹೀರಿಕೊಳ್ಳುತ್ತಿದೆ. ವಯಸ್ಸಾದಂತೆ ಚರ್ಮದ ಸ್ವಂತ ಜಿಡ್ಡು ಕಡಿಮೆಯಾಗುವುದರಿಂದ ಅವರಿಗೆ ಅದರ ಬಾಧೆ ಹೆಚ್ಚು. ಇದರ ಜೊತೆಗೆ ನಮ್ಮ ಕಡೆಯ ಬೋರ್‌ವೆಲ್ ನೀರು ಗಡುಸು. ಗಡುಸು ನೀರಿನಲ್ಲಿರುವ ಕ್ಯಾಲ್ಸಿಯಂ ಸಾಬೂನಿನೊಂದಿಗೆ ಸೇರಿ ಉಂಟಾಗುವ ಕೊಳೆ ಎಷ್ಟು ನೀರು ಸುರಿದರೂ ಪೂರ್ತಿ ಹೋಗದೆ ಮೈಮೇಲೆ ಉಳಿದು ಒಣಚರ್ಮವನ್ನು ಮತ್ತಷ್ಟು ಕೆರಳಿಸುತ್ತದೆ.

ಇನ್ನು ಎಣ್ಣೆಗಳ ವಿಚಾರ. ಎಲ್ಲ ಎಣ್ಣೆಗಳೂ ಕೊಬ್ಬಿನಾಮ್ಲಗಳಿಂದಲೇ ಆದವು, ಆದರೆ ಯಾವ ಆಮ್ಲ ಎಷ್ಟಿದೆ ಎಂಬುದರ ಮೇಲೆ ಅವುಗಳ ಗುಣ ಬದಲಾಗುತ್ತದೆ. ಲಿನೋಲಿಯಿಕ್ ಆಮ್ಲ ಹೆಚ್ಚಿರುವ ಎಣ್ಣೆಗಳು ತೆಳುವಾಗಿ ಹರಡಿ ಬೇಗ ಇಂಗುತ್ತವೆ, ಮತ್ತು ಚರ್ಮ ತನ್ನ ಗಾರೆಯನ್ನು ತಾನೇ ಕಟ್ಟಿಕೊಳ್ಳಲು ಈ ಆಮ್ಲವನ್ನು ಬಳಸಿಕೊಳ್ಳುತ್ತದೆ. ಕುಸುಬೆ ಎಣ್ಣೆಯಲ್ಲಿ ಇದು ಸುಮಾರು ಶೇ 75, ಗುರೆಳ್ಳು ಎಣ್ಣೆಯಲ್ಲಿ ಶೇ 70ರ ಆಸುಪಾಸು, ಸಾಮಾನ್ಯ ಸೂರ್ಯಕಾಂತಿ ಎಣ್ಣೆಯಲ್ಲಿ ಶೇ 60ರಷ್ಟು ಇರುತ್ತದೆ. ಓಲಿಯಿಕ್ ಆಮ್ಲ ಹೆಚ್ಚಿರುವ ಎಣ್ಣೆಗಳು ಸ್ವಲ್ಪ ಭಾರ. ಹಚ್ಚಿದಾಗ ಚರ್ಮ ಮೃದುವಾದಂತೆ ಅನ್ನಿಸಿದರೂ ಆ ಆಮ್ಲ ಅತಿಯಾದಾಗ ಗಾರೆಯ ಜೋಡಣೆಯನ್ನೇ ಸಡಿಲಗೊಳಿಸುತ್ತದೆ. ನಿಮ್ಮೂರಿನ ಶೇಂಗಾ ಎಣ್ಣೆ ಇವೆರಡರ ನಡುವಿನದು, ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಓಲಿಯಿಕ್ ಆಮ್ಲವೂ ಸುಮಾರು ಶೇ 30 ಲಿನೋಲಿಯಿಕ್ ಆಮ್ಲವೂ ಇರುತ್ತವೆ. ಎಳ್ಳೆಣ್ಣೆಯಲ್ಲಿ ಎರಡೂ ಬಹುತೇಕ ಸಮ. ಕೊಬ್ಬರಿ ಎಣ್ಣೆ ಬೇರೆಯೇ ಜಾತಿಯದು: ಅದರಲ್ಲಿ ಅರ್ಧದಷ್ಟು ಲಾರಿಕ್ ಆಮ್ಲವಿದ್ದು, ಅದು ಚರ್ಮದ ಮೇಲೆ ಗಟ್ಟಿ ಹೊದಿಕೆಯಾಗಿ ನಿಲ್ಲುತ್ತದೆ.

ಹೀಗಾಗಿ ನಿಮ್ಮ ಅತ್ತೆಯವರ ಕಾಲಿಗೆ ಹಗಲಿನಲ್ಲಿ ಎಳ್ಳೆಣ್ಣೆ ಅಥವಾ ಸೂರ್ಯಕಾಂತಿ ಎಣ್ಣೆ, ರಾತ್ರಿ ಅದರ ಮೇಲೆ ಕೊಬ್ಬರಿ ಎಣ್ಣೆ ಸಾಕು. ನಿಮ್ಮ ಕೈಕಾಲುಗಳಿಗೆ ಮನೆಯ ಶೇಂಗಾ ಎಣ್ಣೆಯೇ ಆಗುತ್ತದೆ. ಮುಖಕ್ಕೆ ಮಾತ್ರ ಅದು ಬೇಡ. ಮುಖವನ್ನು ತೊಳೆದು, ಏನನ್ನೂ ಹಚ್ಚದೆ ಒಂದು ಗಂಟೆ ಬಿಟ್ಟು, ತೆಳುವಾದ ಕಾಗದವನ್ನು ಹಣೆಗೂ ಕೆನ್ನೆಗೂ ಬೇರೆಬೇರೆಯಾಗಿ ಒತ್ತಿ ನೋಡಿ. ಹಣೆ ಮತ್ತು ಮೂಗಿನ ಮೇಲೆ ಒತ್ತಿದ ಕಾಗದದಲ್ಲಿ ಎಣ್ಣೆಯ ಗುರುತು ಮೂಡಿ ಕೆನ್ನೆಯದು ಬರಿದಾಗಿದ್ದರೆ ನಿಮ್ಮದು ಮಿಶ್ರ ಚರ್ಮ, ಆಗ ಕೆನ್ನೆಗಷ್ಟೇ ಎರಡು ಮೂರು ಹನಿ ಕುಸುಬೆ ಎಣ್ಣೆ ಬೇಕು. ಮಗನ ವಿಷಯದಲ್ಲಿ ನಾನು ಹೆಚ್ಚು ಎಚ್ಚರಿಕೆ ಹೇಳಬಯಸುತ್ತೇನೆ. ಗಾಣದ ಶೇಂಗಾ ಎಣ್ಣೆಯಲ್ಲಿ ಶೇಂಗಾದ ಪ್ರೋಟೀನಿನ ಅಂಶ ಉಳಿದಿರುತ್ತದೆ, ಇಸುಬಿನಿಂದ ಬಿರಿದ ಚರ್ಮದ ಮೂಲಕ ಅದು ಒಳಹೊಕ್ಕರೆ ಮಗುವಿಗೆ ಶೇಂಗಾ ಅಲರ್ಜಿ ಬೆಳೆಯುವ ಸಾಧ್ಯತೆಯಿದೆ. ಆ ಜಾಗಕ್ಕೆ ಶೇಂಗಾ ಎಣ್ಣೆಯನ್ನು ಮುಟ್ಟಿಸಬೇಡಿ. ಕೊಬ್ಬರಿ ಎಣ್ಣೆ ಅಥವಾ ಸೂರ್ಯಕಾಂತಿ ಎಣ್ಣೆ ಹಚ್ಚಿ. ಕೆಂಪಾಗಿ ನೀರು ಸೋರುತ್ತಿದ್ದರೆ ಎಣ್ಣೆಯನ್ನು ನಿಲ್ಲಿಸಿ ಚರ್ಮವೈದ್ಯರಿಗೆ ತೋರಿಸಿ, ಏಕೆಂದರೆ ಇಸುಬು ಕೆರಳಿದಾಗ ಅದಕ್ಕೆ ಔಷಧಿ ಬೇಕಾಗುತ್ತದೆ.

ಎಣ್ಣೆ ಯಾವುದೆಂಬುದಕ್ಕಿಂತ ಹಚ್ಚುವ ಹೊತ್ತು ಮುಖ್ಯ ಎಂದು ನಾನು ನಂಬುತ್ತೇನೆ. ಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಮೀರದಂತೆ ಸ್ನಾನ ಮುಗಿಸಿ, ಟವೆಲನ್ನು ಉಜ್ಜದೆ ಒತ್ತಿಕೊಂಡು, ಮೈ ಇನ್ನೂ ಹಸಿಯಾಗಿರುವಾಗಲೇ, ಎರಡು ಮೂರು ನಿಮಿಷದೊಳಗೆ ಎಣ್ಣೆ ಹಚ್ಚಬೇಕು. ಇಡೀ ಮೈಗೆ ಎರಡು ಮೂರು ಚಮಚ ಸಾಕು. ನಮ್ಮಲ್ಲಿ ಎಣ್ಣೆಸ್ನಾನವೆಂದರೆ ಮೊದಲು ಎಣ್ಣೆ ಹಚ್ಚಿ, ಆಮೇಲೆ ಸೀಗೆಪುಡಿ ಅಥವಾ ಕಡಲೆಹಿಟ್ಟಿನಿಂದ ಒಂದಿಷ್ಟೂ ಜಿಡ್ಡು ಉಳಿಯದಂತೆ ತಿಕ್ಕಿ ತೆಗೆಯುವುದು. ಯುಗಾದಿ, ದೀಪಾವಳಿಗೆ ಅದು ಚೆನ್ನ. ಒಣಚರ್ಮದವರು ನಿತ್ಯವೂ ಹೀಗೆ ಮಾಡಿದರೆ ಹಚ್ಚಿದ ಎಣ್ಣೆಯೊಂದಿಗೆ ಚರ್ಮದ ಸ್ವಂತ ಜಿಡ್ಡೂ ಹೋಗಿಬಿಡುತ್ತದೆ. ಸಾಬೂನನ್ನು ಕಂಕುಳು, ತೊಡೆಸಂದು, ಪಾದಗಳಿಗಷ್ಟೇ ಇಟ್ಟುಕೊಂಡು ಉಳಿದ ಮೈಗೆ ಬರಿ ನೀರು ಹಾಕಿಕೊಳ್ಳಲು ಅತ್ತೆಯವರಿಗೆ ಹೇಳಿ. ಸಾಬೂನಿನ ಕ್ಷಾರ ಅವರ ವಯಸ್ಸಿನ ಚರ್ಮಕ್ಕೆ ಹಿತವಲ್ಲ.

ಪ್ರಶ್ನೆ: ನಾನು ರೇಷ್ಮೆ ಸೀರೆ ನೇಯುವವನು. ಚಳಿಗಾಲದಲ್ಲಿ ಬೆರಳ ತುದಿ ಒರಟಾಗಿ, ಎಳೆ ಮುಟ್ಟಿದರೆ ಸಾಕು ಬೆರಳಿಗೆ ಸಿಕ್ಕಿಕೊಂಡು ಎದ್ದು ಬರುತ್ತದೆ. ಎಣ್ಣೆ ಹಚ್ಚಿದರೆ ಸೀರೆಗೆ ಕಲೆ ಬೀಳುತ್ತದೆಂಬ ಭಯ. ಏನು ಮಾಡಲಿ?
— ನೇಕಾರರು, ಮೊಳಕಾಲ್ಮೂರು

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ, ಏಕೆಂದರೆ ಇದು ಅಂದಚೆಂದದ ಪ್ರಶ್ನೆಯಲ್ಲ, ದುಡಿಮೆಯ ಪ್ರಶ್ನೆ. ನಿಮಗೆ ಎರಡು ಬಗೆಯ ಆರೈಕೆ ಬೇಕು: ಮಗ್ಗದಿಂದ ಎದ್ದ ಮೇಲಿನದು ಒಂದು, ಮಗ್ಗಕ್ಕೆ ಕೂರುವ ಮುಂಚಿನದು ಇನ್ನೊಂದು. ಇವೆರಡನ್ನೂ ಒಂದೇ ಎಣ್ಣೆಯಿಂದ ಸಾಧಿಸಲು ಹೋದರೆ ಕಲೆ ಬೀಳುವುದು ಖಂಡಿತ.

ರಾತ್ರಿ ಊಟವಾದ ಮೇಲೆ ಕೈಯನ್ನು ಉಗುರು ಬೆಚ್ಚಗಿನ ನೀರಿನಲ್ಲಿ ಐದಾರು ನಿಮಿಷ ಇಟ್ಟುಕೊಳ್ಳಿ. ಬೆರಳ ತುದಿಯಲ್ಲಿ ಎದ್ದುನಿಂತ ಒಣ ಸಿಪ್ಪೆಗಳನ್ನು ಕಿತ್ತರೆ ಹಸಿಗಾಯವಾಗುತ್ತದೆ. ಅವು ನೆನೆದು ಮೆತ್ತಗಾದಾಗ ಉಗುರು ಉಜ್ಜುವ ನಯವಾದ ಅರದಿಂದ ಒಂದೇ ದಿಕ್ಕಿನಲ್ಲಿ ಮೆಲ್ಲನೆ ತೇಯ್ದು ಸಮಮಾಡಿ. ಒದ್ದೆಯನ್ನು ಪೂರ್ತಿ ಒರೆಸದೆ, ಒಂದು ಪಾಲು ಹರಳೆಣ್ಣೆಗೆ ಎರಡು ಪಾಲು ಕೊಬ್ಬರಿ ಎಣ್ಣೆ ಸೇರಿಸಿದ ಮಿಶ್ರಣವನ್ನು ಬೆರಳುಗಳಿಗೆ ದಪ್ಪವಾಗಿಯೇ ಸವರಿ, ಹಳೆಯ ಹತ್ತಿಯ ಕೈಗವಸು ತೊಟ್ಟು ಮಲಗಿ. ಹರಳೆಣ್ಣೆಯಲ್ಲಿ ಹತ್ತಕ್ಕೆ ಒಂಬತ್ತು ಪಾಲು ರಿಸಿನೋಲಿಯಿಕ್ ಎಂಬ ಆಮ್ಲವಿದೆ, ಅದರಿಂದಲೇ ಆ ಎಣ್ಣೆಗೆ ಅಷ್ಟೊಂದು ಅಂಟು; ಅದು ಬೆರಳಿನಿಂದ ಜಾರಿಹೋಗದೆ ರಾತ್ರಿಯಿಡೀ ನಿಲ್ಲುತ್ತದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕಡಿಮೆ ಉಷ್ಣತೆಯಲ್ಲಿ ಹೆಪ್ಪುಗಟ್ಟುವುದರಿಂದ ಚಳಿಗಾಲದಲ್ಲಿ ಮಿಶ್ರಣ ಗಟ್ಟಿಯಾದೀತು. ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಸಾಕು, ಒಲೆಯ ಮೇಲೆ ಕಾಯಿಸಬೇಡಿ.

ಬೆಳಿಗ್ಗೆ ಕೈ ತೊಳೆದ ಮೇಲೆ ಮಗ್ಗಕ್ಕೆ ಕೂರುವ ಮುನ್ನ ಕನಿಷ್ಠ ಅರ್ಧ ಗಂಟೆ ಬಿಡುವಿರಲಿ. ಅಂಗೈಗೆ ಒಂದೇ ಒಂದು ಹನಿ ಕುಸುಬೆ ಎಣ್ಣೆ ಅಥವಾ ಸೂರ್ಯಕಾಂತಿ ಎಣ್ಣೆ ಹಾಕಿ, ಹಸಿ ಇರುವ ಬೆರಳುಗಳಿಗೆ ಉಜ್ಜಿ, ಅರ್ಧ ಗಂಟೆಯ ಬಳಿಕ ಒಣ ಹತ್ತಿಬಟ್ಟೆಯಿಂದ ಬಿಗಿಯಾಗಿ ಒರೆಸಿ. ಆಮೇಲೆ ಬೆರಳ ತುದಿಯನ್ನು ತೆಳುವಾದ ಬಿಳಿ ಕಾಗದದ ಮೇಲೆ ಒತ್ತಿ, ಕಾಗದವನ್ನು ಬೆಳಕಿಗೆ ಹಿಡಿಯಿರಿ. ಬೆಳಕು ಹಾಯುವಂತಹ ಗುರುತು ಕಂಡರೆ ಇನ್ನೊಮ್ಮೆ ಒರೆಸಬೇಕು. ಕಾಗದ ಎಲ್ಲೆಡೆ ಒಂದೇ ಸಮನಾಗಿದ್ದರೆ ಎಳೆ ಮುಟ್ಟಬಹುದು. ಇಷ್ಟಾದ ಮೇಲೂ ಒಂದು ತುಂಡು ನೂಲಿನ ಮೇಲೆ ಪರೀಕ್ಷಿಸಿ ನೋಡುವುದು ಒಳ್ಳೆಯದು, ತಿಳಿ ಬಣ್ಣದ ಸೀರೆಯಾದರಂತೂ ತಪ್ಪಿಸಬೇಡಿ. ಮೊದಲ ವಾರದಲ್ಲಿ ದೊಡ್ಡ ವ್ಯತ್ಯಾಸ ಕಾಣದಿದ್ದರೆ ಬೇಸರಿಸಬೇಡಿ: ಚರ್ಮದ ಹೊರಪದರ ಪೂರ್ತಿ ಹೊಸದಾಗಲು ಎರಡರಿಂದ ನಾಲ್ಕು ವಾರ ಬೇಕು. ಬೆರಳುಗಳ ನಡುವೆ ತುರಿಕೆ ಅಥವಾ ಸಣ್ಣ ನೀರುಗುಳ್ಳೆಗಳಿದ್ದರೆ ಅದು ಬಣ್ಣ ಅಥವಾ ಸಾಬೂನಿನ ಅಲರ್ಜಿ ಇರಬಹುದು, ಅದಕ್ಕೆ ಎಣ್ಣೆ ಪರಿಹಾರವಲ್ಲ.

ಪ್ರಶ್ನೆ: ಕಾಲೇಜಿನಲ್ಲಿ ಓದುತ್ತಿದ್ದೇನೆ. ಹಣೆಯ ಮೇಲೆ ಮತ್ತು ಕಿವಿಯ ಪಕ್ಕದಲ್ಲಿ ಮೊಡವೆಗಳು. ಅಜ್ಜಿ ಮುಖಕ್ಕೂ ಕೊಬ್ಬರಿ ಎಣ್ಣೆ ಹಚ್ಚು ಎನ್ನುತ್ತಾರೆ. ಹಚ್ಚಲೇ, ಬೇವಿನೆಣ್ಣೆ ತರಲೇ?
— ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಎರಡೂ ಬೇಡ. ಕೊಬ್ಬರಿ ಎಣ್ಣೆ ಜಿಡ್ಡು ಚರ್ಮದ ರಂಧ್ರಗಳನ್ನು ಮುಚ್ಚಿ ಮೊಡವೆ ಹೆಚ್ಚಿಸುವ ಎಣ್ಣೆಗಳ ಸಾಲಿನಲ್ಲಿದೆ. ಬೇವಿನೆಣ್ಣೆಯನ್ನು ನೇರವಾಗಿ ಹಚ್ಚಿದರೆ ಅನೇಕರಿಗೆ ಉರಿ, ಕೆಂಪು ಬರುತ್ತವೆ. ಅಜ್ಜಿಯವರ ಅನುಭವವನ್ನು ಅಲ್ಲಗಳೆಯಬೇಡಿ, ಅವರ ಒಣಚರ್ಮಕ್ಕೆ ಕೊಬ್ಬರಿ ಎಣ್ಣೆ ಸರಿಯಾದದ್ದೇ. ನಿಮ್ಮ ಚರ್ಮ ಅವರದಲ್ಲ.

ನಿಮ್ಮ ಮೊಡವೆಗಳ ಜಾಗವನ್ನು ನೋಡಿದರೆ ನನಗೆ ಮೊದಲ ಸಂಶಯ ತಲೆಗೆ ಹಚ್ಚುವ ಎಣ್ಣೆಯ ಮೇಲೆಯೇ. ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿಕೊಂಡು ಬಿಸಿಲಿನಲ್ಲಿ ಹೊರಟರೆ ಅದು ಕರಗಿ ಹಣೆಗೂ ಕೆನ್ನೆಯ ಅಂಚಿಗೂ ಇಳಿಯುತ್ತದೆ. ಎಣ್ಣೆಯನ್ನು ತಲೆ ತೊಳೆಯುವ ಒಂದೆರಡು ಗಂಟೆ ಮುಂಚೆ ಹಚ್ಚಿ, ಹಣೆಯ ಅಂಚಿನಿಂದ ಒಂದು ಅಂಗುಲ ಹಿಂದಕ್ಕೇ ನಿಲ್ಲಿಸಿ, ಅದೇ ದಿನ ತೊಳೆದುಬಿಡಿ. ದಿಂಬಿನ ಹೊದಿಕೆಯನ್ನು ಆಗಾಗ ಬದಲಿಸಿ. ತಲೆಹೊಟ್ಟು ಇದ್ದರೆ ತಲೆಗೆ ಎಣ್ಣೆಯನ್ನು ಕೆಲವು ವಾರ ನಿಲ್ಲಿಸುವುದೇ ಮೇಲು, ಏಕೆಂದರೆ ಹೊಟ್ಟಿಗೆ ಕಾರಣವಾದ ಮಲಸೇಜಿಯಾ ಎಂಬ ಶಿಲೀಂಧ್ರಕ್ಕೆ ಎಣ್ಣೆಯ ಕೊಬ್ಬಿನಾಮ್ಲಗಳೇ ಆಹಾರ.

ಮೊಡವೆಯ ಮುಲಾಮು ಹಚ್ಚಿ ಕೆನ್ನೆ ಒಣಗಿದ್ದರೆ ಆ ಜಾಗಕ್ಕಷ್ಟೇ ಎರಡು ಹನಿ ಕುಸುಬೆ ಎಣ್ಣೆ ಸಾಕು. ಮೊಡವೆ ಇರುವವರ ಚರ್ಮದ ಜಿಡ್ಡಿನಲ್ಲಿ ಲಿನೋಲಿಯಿಕ್ ಆಮ್ಲ ಕಡಿಮೆ ಇರುವುದು ಕಂಡುಬಂದಿದೆ, ಆದ್ದರಿಂದ ಎಣ್ಣೆ ಹಚ್ಚಲೇಬೇಕೆಂದರೆ ಅದು ಹೆಚ್ಚಿರುವ ಎಣ್ಣೆಯೇ ಇರಲಿ. ಆದರೆ ಅದು ಮೊಡವೆಯ ಔಷಧಿಯಲ್ಲ ಎಂಬುದನ್ನು ನೆನಪಿಡಿ. ಎಣ್ಣೆಯೇ ಇಲ್ಲದ ಜೆಲ್ ಮಾದರಿಯ ಮಾಯಿಶ್ಚರೈಸರ್ ಸಿಕ್ಕರೆ ನಿಮ್ಮ ಮುಖಕ್ಕೆ ಅದೇ ಹೆಚ್ಚು ಸೂಕ್ತ.

ಪ್ರಶ್ನೆ: ನನ್ನ ಯಜಮಾನರು ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾರೆ. ಮೈಯೆಲ್ಲ ಒಣಗಿ ತುರಿಕೆ. ಕೆಲಸಕ್ಕೆ ಹೋಗುವ ಮುನ್ನ ಎಣ್ಣೆ ಹಚ್ಚಿಕೊಂಡರೆ ಶಾಖ ತಟ್ಟುವುದಿಲ್ಲ ಎನ್ನುತ್ತಾರೆ. ಇದು ಸರಿಯೇ?
— ಒಬ್ಬ ಓದುಗರು, ದಾವಣಗೆರೆ

ಉತ್ತರ: ಸರಿಯಲ್ಲ, ದಯವಿಟ್ಟು ತಡೆಯಿರಿ. ಎಣ್ಣೆ ಶಾಖವನ್ನು ತಡೆಯುವುದಿಲ್ಲ. ಕಾದ ಮರಳಿನ ಮುಂದೆ ನಿಂತು ಬೆವರುವ ಮೈಗೆ ಎಣ್ಣೆಯ ಪದರ ಹಾಕಿದರೆ ಬೆವರು ಹೊರಬರುವ ದಾರಿ ಕಟ್ಟಿ ಬೆವರುಸಾಲೆ ಏಳುತ್ತದೆ, ಭತ್ತದ ಹೊಟ್ಟಿನ ಬೂದಿಯೂ ಮಸಿಯೂ ಎಣ್ಣೆಗೆ ಅಂಟಿಕೊಂಡು ತುರಿಕೆ ಹೆಚ್ಚುತ್ತದೆ. ಅವರು ಮನೆಗೆ ಬಂದು ಬೂದಿ ಹೋಗುವಂತೆ ಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡಿದ ಮೇಲೆ, ಹಸಿ ಮೈಗೆ ಸೂರ್ಯಕಾಂತಿ ಎಣ್ಣೆಯನ್ನೋ ಎಳ್ಳೆಣ್ಣೆಯನ್ನೋ ನೀವೇ ಹಚ್ಚಿ. ಕೆಲಸದ ಹೊತ್ತಿನಲ್ಲಿ ಮೈ ಮುಚ್ಚುವ ಸಡಿಲವಾದ ಹತ್ತಿಯ ಅಂಗಿಯೇ ಅವರಿಗೆ ರಕ್ಷಣೆ, ಆಗಾಗ ನೀರು ಕುಡಿಯುವುದೂ ಅಷ್ಟೇ ಅಗತ್ಯ. ಒಲೆಯ ಕಡೆಗೆ ಇರುವ ಕಾಲಿನ ಮೇಲೆ ಬಲೆಯಂತಹ ಕಂದುಗೆರೆಗಳು ಕಾಣಿಸಿಕೊಂಡಿವೆಯೇ ನೋಡಿ. ಅವು ದೀರ್ಘಕಾಲ ಶಾಖ ತಗುಲಿದ ಗುರುತು, ಯಾವ ಎಣ್ಣೆಯೂ ಅವನ್ನು ಅಳಿಸದು. ಅಲ್ಲಿ ಹುಣ್ಣು ಅಥವಾ ಗಂಟು ಕಂಡರೆ ತಡಮಾಡದೆ ತೋರಿಸಿ.

ಪ್ರಶ್ನೆ: ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಮೊಮ್ಮಗುವಿಗೆ ಎರಡು ತಿಂಗಳು. ನಮ್ಮ ಕಡೆ ಹರಳೆಣ್ಣೆ ಹಚ್ಚಿ ಎರೆಯುವುದು ರೂಢಿ. ಅಳಿಯಂದಿರು ಆಲಿವ್ ಎಣ್ಣೆ ತಂದಿದ್ದಾರೆ, ಪಕ್ಕದ ಮನೆಯವರು ಸಾಸಿವೆ ಎಣ್ಣೆ ಒಳ್ಳೆಯದೆನ್ನುತ್ತಾರೆ.
— ಅಜ್ಜಿ, ಹರಿಹರ

ಉತ್ತರ: ಅಮ್ಮಾ, ಕೂಸಿನ ಚರ್ಮ ನಮ್ಮ ಚರ್ಮಕ್ಕಿಂತ ತೆಳುವಾದದ್ದು, ಅದರ ತಡೆಗೋಡೆ ಇನ್ನೂ ಬಲಿಯುತ್ತಿರುತ್ತದೆ. ಸಾಸಿವೆ ಎಣ್ಣೆ ಕೆರಳಿಸುವ ಗುಣದ್ದು, ಅದನ್ನು ದೂರವಿಡಿ. ಆಲಿವ್ ಎಣ್ಣೆಯಲ್ಲಿ ಬಹುಪಾಲು ಓಲಿಯಿಕ್ ಆಮ್ಲವೇ ಇರುವುದರಿಂದ ಅದು ಕೂಸಿನ ಚರ್ಮದ ತಡೆಯನ್ನು ಬಲಪಡಿಸುವ ಬದಲು ಸಡಿಲಗೊಳಿಸಬಹುದು. ಅಳಿಯಂದಿರಿಗೆ ಬೇಸರವಾಗದಂತೆ ಅದನ್ನು ಅಡುಗೆಗೆ ಬಳಸಿಬಿಡಿ. ಕೊಬ್ಬರಿ ಎಣ್ಣೆ ಮತ್ತು ಸೂರ್ಯಕಾಂತಿ ಎಣ್ಣೆ, ಇವೆರಡೂ ಕೂಸುಗಳಿಗೆ ಹೆಚ್ಚು ಸುರಕ್ಷಿತ. ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳಲ್ಲಿಯೂ ಈ ಎಣ್ಣೆಗಳನ್ನು ವೈದ್ಯರ ಮೇಲ್ವಿಚಾರಣೆಯಲ್ಲಿ ಬಳಸಿ ಪರೀಕ್ಷಿಸಲಾಗಿದೆ.

ಹರಳೆಣ್ಣೆಯನ್ನು ಬಿಡಲೇಬೇಕೆಂದು ನಾನು ಹೇಳುವುದಿಲ್ಲ. ಅದು ಬಲು ಅಂಟಾದ್ದರಿಂದ ಮೈಗೆ ಹರಡಲು ಒತ್ತಿ ತಿಕ್ಕಬೇಕಾಗುತ್ತದೆ, ಆಮೇಲೆ ತೆಗೆಯಲು ಕಡಲೆಹಿಟ್ಟಿನಿಂದ ಉಜ್ಜಬೇಕಾಗುತ್ತದೆ. ಕೂಸಿನ ಮೈ ಕೆಂಪಾಗುವುದು ಹೆಚ್ಚಾಗಿ ಈ ಉಜ್ಜುವಿಕೆಯಿಂದಲೇ. ನಾಲ್ಕು ಪಾಲು ಕೊಬ್ಬರಿ ಎಣ್ಣೆಗೆ ಒಂದು ಪಾಲು ಹರಳೆಣ್ಣೆ ಬೆರೆಸಿದರೆ ರೂಢಿಯೂ ಉಳಿಯುತ್ತದೆ, ಕೈಯೂ ಹಗುರಾಗುತ್ತದೆ. ಹಿಟ್ಟನ್ನು ಬಿಟ್ಟು ಮೆತ್ತನೆಯ ಬಟ್ಟೆಯಿಂದ ಒರೆಸಿ ಬೆಚ್ಚಗಿನ ನೀರು ಎರೆಯಿರಿ. ನೆತ್ತಿಗೆ ಎಣ್ಣೆ ಸವರುವುದಾದರೆ ಸವರಿ, ಒತ್ತಬೇಡಿ. ಕಿವಿಗೆ, ಮೂಗಿಗೆ, ಹೊಕ್ಕುಳಿಗೆ, ಕಣ್ಣಿಗೆ ಎಣ್ಣೆ ಬಿಡುವ ಪದ್ಧತಿಯನ್ನು ಇಂದೇ ನಿಲ್ಲಿಸಿ: ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ, ಇದನ್ನು ನಾನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಮೊದಲ ಸಲ ಹಚ್ಚುವ ಯಾವುದೇ ಎಣ್ಣೆಯನ್ನು ಕೂಸಿನ ಕಾಲಿನ ಒಂದು ಸಣ್ಣ ಜಾಗಕ್ಕೆ ಎರಡು ಮೂರು ದಿನ ಹಚ್ಚಿ ನೋಡಿ, ಕೆಂಪಾಗದಿದ್ದರೆ ಮುಂದುವರಿಸಿ.

ಪ್ರಶ್ನೆ: ಕುರಿಯ ಉಣ್ಣೆ ಕತ್ತರಿಸುವವರ ಕೈ ಮೆತ್ತಗಾಗುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆ ಜಿಡ್ಡನ್ನು ಹಚ್ಚಿಕೊಳ್ಳಬಹುದೇ?
— ಕಂಬಳಿ ನೇಯುವವರು, ಚಳ್ಳಕೆರೆ ತಾಲ್ಲೂಕು

ಉತ್ತರ: ಹಿರಿಯರ ಮಾತು ನಿಜ. ಉಣ್ಣೆಯ ಮೇಲಿರುವ ಆ ಮೇಣದಂತಹ ಜಿಡ್ಡನ್ನೇ ಶುದ್ಧೀಕರಿಸಿ ಲ್ಯಾನೋಲಿನ್ ಎಂಬ ಹೆಸರಿನಲ್ಲಿ ಮಾರುತ್ತಾರೆ. ಅದು ತನ್ನ ತೂಕದ ಎರಡರಷ್ಟು ನೀರನ್ನು ಹಿಡಿದಿಟ್ಟುಕೊಳ್ಳಬಲ್ಲದು, ಬರಿ ಎಣ್ಣೆಗಳಿಗೆ ಈ ಶಕ್ತಿಯಿಲ್ಲ. ಹಾಲೂಡಿಸುವ ತಾಯಂದಿರ ಮೊಲೆತೊಟ್ಟು ಒಡೆದಾಗ ಶುದ್ಧ ಲ್ಯಾನೋಲಿನ್ ಬಳಸಲು ಹೇಳುವುದು ಇದೇ ಕಾರಣಕ್ಕೆ. ಆದರೆ ಹಸಿ ಉಣ್ಣೆಯಿಂದ ತೆಗೆದ ಜಿಡ್ಡಿನಲ್ಲಿ ಬೆವರು, ಕೊಳೆ, ಕುರಿಗೆ ಉಣ್ಣೆಹುಳು ಬಾರದಂತೆ ಹಾಕಿದ ಔಷಧಿಯ ಅಂಶ ಎಲ್ಲವೂ ಇರುತ್ತವೆ. ಔಷಧಿ ಅಂಗಡಿಯಲ್ಲಿ ಸಿಗುವ ಶುದ್ಧೀಕರಿಸಿದ್ದನ್ನೇ ಕೊಳ್ಳಿ. ಕಂಬಳಿ ಮೈಗೆ ತಗುಲಿದರೆ ತುರಿಸುವವರಿಗೂ ಇದು ಆಗಬಹುದು, ಆ ತುರಿಕೆ ಹೆಚ್ಚಾಗಿ ಎಳೆಯ ಒರಟಿನಿಂದ ಬಂದದ್ದು. ಲ್ಯಾನೋಲಿನ್ನಿಗೇ ಅಲರ್ಜಿ ಇರುವವರು ಕೆಲವರಿದ್ದಾರೆ, ಆದ್ದರಿಂದ ಮೊದಲು ಮೊಣಕೈ ಒಳಭಾಗದಲ್ಲಿ ಹಚ್ಚಿ ನೋಡಿ.

ಪ್ರಶ್ನೆ: ಹೊಲದ ಕೆಲಸ. ಹಿಮ್ಮಡಿ ಆಳವಾಗಿ ಒಡೆದು ರಕ್ತ ಬರುತ್ತದೆ. ಮಲೆನಾಡಿನ ನೆಂಟರು ಮುರುಗಲ ತುಪ್ಪ ಕೊಟ್ಟಿದ್ದಾರೆ. ನನಗೆ ಸಕ್ಕರೆ ಕಾಯಿಲೆ ಇದೆ.
— ರೈತ ಮಹಿಳೆ, ಜಗಳೂರು ತಾಲ್ಲೂಕು

ಉತ್ತರ: ನಿಮ್ಮ ನೆಂಟರು ಒಳ್ಳೆಯದನ್ನೇ ಕೊಟ್ಟಿದ್ದಾರೆ. ಮುರುಗಲ ಬೀಜದಿಂದ ತೆಗೆಯುವ ಈ ಕೊಬ್ಬು ಸ್ಟಿಯರಿಕ್ ಆಮ್ಲ ಹೆಚ್ಚಿರುವುದರಿಂದ ಗಟ್ಟಿ. ಸುಮಾರು 38ರಿಂದ 40 ಡಿಗ್ರಿಯಲ್ಲಿ ಕರಗುತ್ತದೆ. ಹಿಮ್ಮಡಿಯ ಬಿರುಕಿನಲ್ಲಿ ಅದು ಹರಿದುಹೋಗದೆ ನಿಲ್ಲುತ್ತದೆ. ಚಳಿಗಾಲದಲ್ಲಿ ಅದನ್ನು ಹಾಗೆಯೇ ಉಜ್ಜಿದರೆ ಗರಗರ ಎನ್ನುತ್ತದೆ, ಆದ್ದರಿಂದ ಒಂದು ಪಾಲು ಮುರುಗಲ ತುಪ್ಪಕ್ಕೆ ಎರಡು ಪಾಲು ಕೊಬ್ಬರಿ ಎಣ್ಣೆ ಸೇರಿಸಿ, ಬಿಸಿನೀರಿನ ಮೇಲಿಟ್ಟ ಬಟ್ಟಲಿನಲ್ಲಿ ಕರಗಿಸಿ, ಅಗಲ ಬಾಯಿಯ ಡಬ್ಬಿಗೆ ಹೊಯ್ದು ತಣ್ಣಗಾಗಲು ಬಿಡಿ. ಬೇಸಿಗೆಯಲ್ಲಿ ಸಮಪಾಲು ಹಾಕಿದರೆ ಕರಗಿ ನೀರಾಗದು. ಕಾಲು ತೊಳೆದು, ಹಸಿ ಇರುವಾಗ ಹಚ್ಚಿ, ಹತ್ತಿಯ ಕಾಲುಚೀಲ ತೊಟ್ಟು ಮಲಗಿದರೆ ಒಂದೆರಡು ವಾರಗಳಲ್ಲಿ ಬಿರುಕಿನ ಅಂಚು ಮೆತ್ತಗಾಗುತ್ತದೆ.

ಇದು ಸಾಮಾನ್ಯರಿಗೆ ಹೇಳುವ ಮಾತು. ಸಕ್ಕರೆ ಕಾಯಿಲೆ ಇರುವುದರಿಂದ ನಿಮಗೆ ಬೇರೆ ಕೆಲವು ಮಾತುಗಳನ್ನು ಹೇಳಲೇಬೇಕು. ಪಾದದ ಸ್ಪರ್ಶಜ್ಞಾನ ಕಡಿಮೆಯಾಗಿರಬಹುದು, ಆದ್ದರಿಂದ ಬಿಸಿನೀರಿನಲ್ಲಿ ಕಾಲಿಟ್ಟು ಕೂರಬೇಡಿ, ಸುಟ್ಟದ್ದೂ ಗೊತ್ತಾಗದು. ಬ್ಲೇಡಿನಿಂದ ಗಟ್ಟಿ ಚರ್ಮ ಕೆತ್ತಬೇಡಿ. ಕಾಲ್ಬೆರಳ ಸಂದಿಗೆ ಎಣ್ಣೆ ಹಚ್ಚಬೇಡಿ, ಅಲ್ಲಿ ತೇವ ಉಳಿದರೆ ಶಿಲೀಂಧ್ರ ಬೆಳೆಯುತ್ತದೆ. ಬರಿಗಾಲಿನಲ್ಲಿ ಹೊಲಕ್ಕೆ ಇಳಿಯಬೇಡಿ, ಕಷ್ಟವೆಂದು ಗೊತ್ತಿದ್ದೂ ಹೇಳುತ್ತಿದ್ದೇನೆ. ಈಗ ರಕ್ತ ಬರುತ್ತಿರುವ ಬಿರುಕನ್ನು ಮೊದಲು ವೈದ್ಯರಿಗೆ ತೋರಿಸಿ, ಅದು ಮಾಗಿದ ಮೇಲೆ ಮುರುಗಲ ತುಪ್ಪ ಆರಂಭಿಸಿ. ಗಟ್ಟಿಗಟ್ಟಿದ ಹಿಮ್ಮಡಿಗೆ ಕೊಬ್ಬು ಮಾತ್ರ ಸಾಲದೆ ಯೂರಿಯಾ ಇರುವ ಮುಲಾಮು ಬೇಕಾಗಬಹುದು, ಅದನ್ನೂ ಅವರನ್ನೇ ಕೇಳಿ.

ಪ್ರಶ್ನೆ: ದಾವಣಗೆರೆ ಬೆಣ್ಣೆ ತುಟಿಗೆ ಹಚ್ಚಿದರೆ ಸಾಕಲ್ಲವೇ? ನೂರು ಸಲ ತೊಳೆದ ತುಪ್ಪ ಎಂದೂ ಕೇಳಿದ್ದೇನೆ.
— ಶಿಕ್ಷಕಿ, ಹೊನ್ನಾಳಿ

ಉತ್ತರ: ಉಪ್ಪು ಹಾಕದ ತಾಜಾ ಬೆಣ್ಣೆ ತುಟಿಗೆ ಹಿತವೇ. ಆದರೆ ಬೆಣ್ಣೆಯಲ್ಲಿ ನೀರು ಮತ್ತು ಹಾಲಿನ ಅಂಶ ಉಳಿದಿರುವುದರಿಂದ ಬೇಗ ಹುಳಿಯುತ್ತದೆ. ಅದನ್ನೇ ಕಾಯಿಸಿದ ತುಪ್ಪ ಹೆಚ್ಚು ಹೊತ್ತು ನಿಲ್ಲುತ್ತದೆ. ತುಟಿಗೆ ಜಿಡ್ಡಿನ ಗ್ರಂಥಿಗಳಿಲ್ಲ, ನಾಲಿಗೆಯಿಂದ ಸವರಿಕೊಳ್ಳುವ ಅಭ್ಯಾಸ ಬಿಡದಿದ್ದರೆ ಯಾವುದೂ ಉಪಯೋಗಕ್ಕೆ ಬಾರದು.

ತೊಳೆದ ತುಪ್ಪ ಆಯುರ್ವೇದದ ಶತಧೌತ ಘೃತ. ತಾಮ್ರದ ಪಾತ್ರೆಯಲ್ಲಿ ತುಪ್ಪಕ್ಕೆ ನೀರು ಹಾಕಿ ಕಡೆಯುತ್ತಾ, ನೀರು ಚೆಲ್ಲುತ್ತಾ, ಮತ್ತೆ ಹಾಕುತ್ತಾ ನೂರು ಸಲ ಮಾಡಿದರೆ ಹಳದಿ ಬಣ್ಣವೂ ವಾಸನೆಯೂ ಹೋಗಿ ಬಿಳಿಯ ಮೆತ್ತನೆಯ ಕ್ರೀಮಿನಂತಾಗುತ್ತದೆ. ತುಪ್ಪದೊಳಗೆ ನೀರು ಸೂಕ್ಷ್ಮ ಹನಿಗಳಾಗಿ ಸೇರಿಕೊಳ್ಳುವುದರಿಂದ ಅದು ಎಣ್ಣೆಗಿಂತ ಹಗುರಾಗಿ ಹರಡುತ್ತದೆ, ಒಣ ಹಾಗೂ ಸೂಕ್ಷ್ಮ ಚರ್ಮದವರಿಗೆ ನಾನು ಸಂತೋಷದಿಂದ ಸೂಚಿಸುತ್ತೇನೆ. ಅದಕ್ಕೆ ಕೆಡದಂತೆ ಕಾಯುವ ಯಾವ ವಸ್ತುವೂ ಇರುವುದಿಲ್ಲ, ಆದ್ದರಿಂದ ಸ್ವಲ್ಪ ಸ್ವಲ್ಪವೇ ಮಾಡಿ ಫ್ರಿಜ್ಜಿನಲ್ಲಿಟ್ಟುಕೊಳ್ಳಬೇಕು. ಹೊಸ ಸುಟ್ಟಗಾಯಕ್ಕೆ ಮಾತ್ರ ಬೆಣ್ಣೆ, ತುಪ್ಪ ಯಾವುದನ್ನೂ ಹಚ್ಚಬೇಡಿ. ಮೊದಲು ಇಪ್ಪತ್ತು ನಿಮಿಷ ಹರಿಯುವ ತಣ್ಣೀರು.

ಪ್ರಶ್ನೆ: ಗಾಣದ ಎಣ್ಣೆ ಮೇಲೋ, ಅಂಗಡಿಯ ರಿಫೈನ್ಡ್ ಎಣ್ಣೆ ಮೇಲೋ? ಚರ್ಮಕ್ಕೆಂದು ಇಟ್ಟ ಎಣ್ಣೆ ಎಷ್ಟು ದಿನ ಬರುತ್ತದೆ?
— ನಿವೃತ್ತ ನೌಕರರು, ಚಿತ್ರದುರ್ಗ

ಉತ್ತರ: ಗಾಣದ ಎಣ್ಣೆಯಲ್ಲಿ ಬೀಜದ ಸಹಜ ವಿಟಮಿನ್ ಇ ಮೊದಲಾದವು ಹೆಚ್ಚು ಉಳಿದಿರುತ್ತವೆ, ರಿಫೈನ್ಡ್ ಎಣ್ಣೆಯಲ್ಲಿ ವಾಸನೆಯೂ ಅಲರ್ಜಿ ತರುವ ಪ್ರೋಟೀನೂ ಕಡಿಮೆ. ಆರೋಗ್ಯವಂತ ಒಣಚರ್ಮಕ್ಕೆ ಗಾಣದ್ದು, ಇಸುಬು ಅಥವಾ ಅಲರ್ಜಿ ಇರುವವರಿಗೆ ರಿಫೈನ್ಡ್, ಹೀಗೆ ಆಯ್ದುಕೊಳ್ಳುವುದು ಸರಿಯೆಂದು ನನ್ನ ಅಭಿಪ್ರಾಯ. ಸೂರ್ಯಕಾಂತಿ ಎಣ್ಣೆ ಕೊಳ್ಳುವಾಗ ಚೀಟಿ ಓದಿ: ಓಲಿಯಿಕ್ ಆಮ್ಲ ಹೆಚ್ಚಿಸಿ ಬೆಳೆಸಿದ ತಳಿಯ ಎಣ್ಣೆಯೂ ಮಾರುಕಟ್ಟೆಯಲ್ಲಿದೆ, ಅಡುಗೆಗೆ ಅದು ಒಳ್ಳೆಯದಾದರೂ ಮೇಲೆ ಹೇಳಿದ ಗುಣ ಅದಕ್ಕಿಲ್ಲ.

ಲಿನೋಲಿಯಿಕ್ ಆಮ್ಲ ಹೆಚ್ಚಿರುವ ಎಣ್ಣೆಗಳೇ ಬೇಗ ಕಮಟಾಗುತ್ತವೆ, ಬಿಸಿಲು, ಶಾಖ, ಗಾಳಿ ಮೂರೂ ಅದನ್ನು ಚುರುಕುಗೊಳಿಸುತ್ತವೆ. ದುರ್ಗದ ಬೇಸಿಗೆಯಲ್ಲಿ ಬಚ್ಚಲ ಕಿಟಕಿಯ ಮೇಲಿಟ್ಟ ಕುಸುಬೆ ಎಣ್ಣೆ ಹೆಚ್ಚು ದಿನ ತಡೆಯದು. ಚರ್ಮಕ್ಕೆಂದು 100 ಮಿಲಿ ಲೀಟರಿನಷ್ಟನ್ನು ಬೇರೆ ತೆಗೆದು, ಕಂದು ಬಣ್ಣದ ಗಾಜಿನ ಬಾಟಲಿಯಲ್ಲಿ ತುಂಬಿ, ಕತ್ತಲ ಕಪಾಟಿನಲ್ಲಿಡಿ. ಒದ್ದೆ ಬೆರಳು ಅದ್ದಬೇಡಿ. ಹಳೆಯ ಎಣ್ಣೆಯ ಮೇಲೆ ಹೊಸದನ್ನು ಸುರಿಯಬೇಡಿ, ಬಾಟಲಿಯನ್ನು ತೊಳೆದು ಪೂರ್ತಿ ಒಣಗಿಸಿಯೇ ತುಂಬಬೇಕು. ಕೊಬ್ಬರಿ ಎಣ್ಣೆ ಮತ್ತು ಮುರುಗಲ ತುಪ್ಪ ಇವಕ್ಕಿಂತ ಬಹಳ ಹೆಚ್ಚು ಕಾಲ ಬರುತ್ತವೆ. ದಿನಾಂಕಕ್ಕಿಂತ ನಿಮ್ಮ ಮೂಗನ್ನು ನಂಬಿ: ಕಮಟು ವಾಸನೆ ಬಂದ ಎಣ್ಣೆಯಲ್ಲಿ ಚರ್ಮವನ್ನು ಕೆರಳಿಸುವ ವಸ್ತುಗಳು ಹುಟ್ಟಿಕೊಂಡಿರುತ್ತವೆ, ಅದನ್ನು ಬಾಗಿಲ ಕೀಲಿಗೆ ಹಾಕಿ, ಮೈಗೆ ಬೇಡ.